ಗಂಗೋತ್ರಿಯ ಮೇಷ್ಟ್ರನ್ನು ತಿರುವನಂತಪುರದಲ್ಲಿ ಕಂಡೆ

ಕೊಚ್ಚಿಯ ಕಾರ್ಖಾನೆಯೊಂದರಲ್ಲಿ ನಾನು ಸುರಕ್ಷತಾ ಎಂಜಿನಿಯರ್. ಎರಡು ಮಳೆಗಾಲದ ಹಿಂದೆ ಟ್ಯಾಂಕ್ ತೊಳೆಯಲು ಇಳಿದ ಹುಡುಗನೊಬ್ಬ ದ್ರಾವಕದ ಆವಿಗೆ ಕುಸಿದುಬಿದ್ದ. ಗ್ಯಾಸ್ ಅಳೆಯುವ ಯಂತ್ರದ ಬ್ಯಾಟರಿ ಸತ್ತಿತ್ತು. ಹುಡುಗ ಬದುಕಿಕೊಂಡ. ನನ್ನ ನಿದ್ದೆ ಮಾತ್ರ ಹೋಯಿತು.

ಹೋದ ತಿಂಗಳು ತರಬೇತಿಗೆಂದು ತಿರುವನಂತಪುರಕ್ಕೆ ಹೋಗಿದ್ದೆ. ಅಲ್ಲೊಂದು ತೆಳು ಪಟ್ಟಿ ತೋರಿಸಿದರು. ದ್ರಾವಕದ ಬಾಟಲಿಯ ಬಾಯಿಗೆ ಹಿಡಿದರೆ ಅದರ ಬಣ್ಣವೇ ಬದಲಾಯಿತು. ಬ್ಯಾಟರಿ ಇಲ್ಲ, ತಂತಿ ಇಲ್ಲ. ಪಟ್ಟಿಯಲ್ಲಿರುವುದು ದ್ರವಸ್ಫಟಿಕ. ಅದರ ಅಣುಗಳು ಸುರುಳಿ ಮೆಟ್ಟಿಲಿನಂತೆ ನಿಂತಿರುತ್ತವೆ. ಆವಿ ಒಳನುಗ್ಗಿದರೆ ಸುರುಳಿಯ ಅಳತೆ ಬದಲಾಗುತ್ತದೆ, ಪ್ರತಿಫಲಿಸುವ ಬಣ್ಣವೂ ಬದಲಾಗುತ್ತದೆ. ಯಾವ ರಾಸಾಯನಿಕಕ್ಕೆ ಯಾವ ಅಣು ಎಂದು ಹೊಂದಿಸುವುದೇ ಇದರಲ್ಲಿನ ಜಾಣ್ಮೆ.

ಇಂಥ ಸುರುಳಿಗಳು ಬೆಳಕನ್ನು ಹೇಗೆ ಪ್ರತಿಫಲಿಸುತ್ತವೆ ಎಂಬ ಲೆಕ್ಕವನ್ನು 1960ರ ದಶಕದಲ್ಲೇ ಮೈಸೂರಿನಲ್ಲಿ ಕೂತು ಮಾಡಿದವರು ಎಸ್. ಚಂದ್ರಶೇಖರ್ ಎಂದು ಪಾಠ ಮಾಡಿದವರು ಹೇಳಿದರು. ಮಾನಸ ಗಂಗೋತ್ರಿಯಲ್ಲೇ ಓದಿದ ನನಗೆ ಇದು ಗೊತ್ತೇ ಇರಲಿಲ್ಲ. ತಲೆ ತಗ್ಗಿಸಿ ಕೂತೆ. ಕೊಚ್ಚಿಗೆ ವಾಪಸಾಗುವಾಗ ರೈಲಿನಲ್ಲಿ ಅವರ ಬದುಕನ್ನೇ ಓದುತ್ತ ಬಂದೆ.

ಇವರು ನೊಬೆಲ್ ಪಡೆದ ಖಗೋಳ ವಿಜ್ಞಾನಿ ಚಂದ್ರಶೇಖರ್ ಅಲ್ಲ. ಅವರು ಸಿ.ವಿ. ರಾಮನ್ ಅವರ ಅಣ್ಣನ ಮಗ, ಇವರು ತಂಗಿಯ ಮಗ. 1930ರಲ್ಲಿ ಕೋಲ್ಕತ್ತದಲ್ಲಿ ಹುಟ್ಟಿ, ನಾಗಪುರದಲ್ಲಿ ಓದಿ, ಬೆಂಗಳೂರಿನಲ್ಲಿ ಸೋದರಮಾವನ ಬಳಿಯೇ ಸಂಶೋಧನೆ ಕಲಿತರು. ಕೇಂಬ್ರಿಡ್ಜ್, ಲಂಡನ್ ಸುತ್ತಿ 1961ರಲ್ಲಿ ಮರಳಿದವರು ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ದ್ರವಸ್ಫಟಿಕದ ನಂಟು ಬೆಳೆದದ್ದು ಅಲ್ಲೇ. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು.

ದ್ರವಸ್ಫಟಿಕವಾಗಲು ಅಣು ಕಡ್ಡಿಯಂತೆ ಉದ್ದವಿರಬೇಕು ಎಂಬುದು ಆಗಿನ ನಂಬಿಕೆ. ಬಿಲ್ಲೆಯಂಥ ಅಣುಗಳೂ ದೋಸೆ ಪೇರಿಸಿದಂತೆ ಒಂದರ ಮೇಲೊಂದು ಕೂತು ದ್ರವಸ್ಫಟಿಕವಾಗುತ್ತವೆ ಎಂದು 1977ರಲ್ಲಿ ಅವರು ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಜೊತೆಗೂಡಿ ತೋರಿಸಿದರು. ಪ್ರಕಟಿಸಿದ್ದು ವಿದೇಶಿ ಪತ್ರಿಕೆಯಲ್ಲಲ್ಲ, ಬೆಂಗಳೂರಿನ 'ಪ್ರಮಾಣ'ದಲ್ಲಿ. ಜಗತ್ತೇ ಅದನ್ನು ಹುಡುಕಿಕೊಂಡು ಓದಿತು. ನಿವೃತ್ತಿಯ ನಂತರವೂ ಸುಮ್ಮನೆ ಕೂರದೆ, 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವಸ್ಫಟಿಕಕ್ಕೆಂದೇ ಸಂಶೋಧನಾ ಕೇಂದ್ರ ಕಟ್ಟಿದರು. 2004ರಲ್ಲಿ ತೀರಿಕೊಂಡರು.

ಬಿಲ್ಲೆ ಅಣು ನನ್ನ ಪಟ್ಟಿಯಲ್ಲಿಲ್ಲ. ಪಟ್ಟಿಯೊಂದೇ ಯಂತ್ರದ ಜಾಗ ತುಂಬುವುದೂ ಇಲ್ಲ. ಟ್ಯಾಂಕಿಗೆ ಇಳಿಯುವ ಮುನ್ನ ಅಳೆಯಲೇಬೇಕು. ಆದರೆ ಎದೆಗೆ ಅಂಟಿಸಿದ ಪಟ್ಟಿಯೊಂದು ಬಣ್ಣ ತಿರುಗಿಸಿದ್ದರೆ, ಆ ಹುಡುಗನಿಗೆ ಮೇಲೆ ಹತ್ತಿ ಬರಲು ಅರ್ಧ ನಿಮಿಷವಾದರೂ ಸಿಗುತ್ತಿತ್ತೇನೋ.

ಪರೀಕ್ಷಿಸಿ ನೋಡಲು ಅನುಮತಿ ಕೇಳಿ ಪತ್ರ ಕೊಟ್ಟಿದ್ದೇನೆ. ದಸರೆಗೆ ಊರಿಗೆ ಹೋದಾಗ ಗಂಗೋತ್ರಿಯ ಭೌತಶಾಸ್ತ್ರ ವಿಭಾಗಕ್ಕೂ ಒಮ್ಮೆ ಹೋಗಿ ಬರಬೇಕು. ಓದುವಾಗ ದಿನವೂ ಅದರ ಮುಂದೆಯೇ ಸೈಕಲ್ ತುಳಿದಿದ್ದೆ.