ಅಳತೆಯರಿತ ದುಡಿಮೆ

ಚಾರ್ಲ್ಸ್ ಡಾರ್ವಿನ್ 1809ನೆಯ ಇಸವಿ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ ಜನಿಸಿದನು. ಅವನ ತಂದೆ ರಾಬರ್ಟ್ ಡಾರ್ವಿನ್ ಆ ಪ್ರಾಂತದಲ್ಲೆಲ್ಲ ಹೆಸರಾಂತ ವೈದ್ಯ. ತಾತ ಎರಾಸ್ಮಸ್ ಡಾರ್ವಿನ್ ವೈದ್ಯನೂ ಕವಿಯೂ ಆಗಿದ್ದವನು. ತಾಯಿಯ ತಂದೆ ಜೋಸೈಯ ವೆಜ್‌ವುಡ್ ಪಿಂಗಾಣಿ ಪಾತ್ರೆಗಳ ತಯಾರಿಕೆಯಿಂದ ದೇಶವಿಖ್ಯಾತನಾಗಿದ್ದನು. ಇಂತಹ ಮನೆತನದ ಹುಡುಗನಿಂದ ಎಲ್ಲರೂ ಬಹಳವಾಗಿ ನಿರೀಕ್ಷಿಸುವುದು ಸಹಜವಷ್ಟೆ. ಎಂಟನೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡ ಚಾರ್ಲ್ಸನಿಗಾದರೋ ಶಾಲೆಯ ಪಾಠಗಳು ರುಚಿಸಲಿಲ್ಲ. ಗ್ರೀಕ್, ಲ್ಯಾಟಿನ್ ಪದ್ಯಗಳನ್ನು ಬಾಯಿಪಾಠ ಮಾಡಿ ಎರಡೇ ದಿನಗಳಲ್ಲಿ ಮರೆತುಬಿಡುತ್ತಿದ್ದನು. ಬೇಟೆ, ನಾಯಿ, ಇಲಿ ಹಿಡಿಯುವುದು, ಇಷ್ಟನ್ನು ಬಿಟ್ಟರೆ ನಿನಗೆ ಬೇರೇನೂ ಬೇಡವಾಯಿತು, ಮನೆತನಕ್ಕೇ ಕಳಂಕ ತರುವೆ ಎಂದು ತಂದೆ ಒಮ್ಮೆ ಗದರಿಸಿದನು. ಆ ಮಾತು ಮಗನ ಮನಸ್ಸಿನಲ್ಲಿ ಮುಪ್ಪಿನವರೆಗೂ ಉಳಿಯಿತು. ಆದರೂ ಆತ್ಮಕಥೆಯಲ್ಲಿ ಅದನ್ನು ಬರೆಯುವಾಗ ಡಾರ್ವಿನ್ನನು ತಂದೆಯನ್ನು ದೂರಲಿಲ್ಲ. ತಾನು ಕಂಡವರಲ್ಲೆಲ್ಲ ಅತ್ಯಂತ ಕರುಣಾಳು ತಂದೆಯೇ ಎಂದು ಸೇರಿಸಿದನು.

ಮಗನೂ ವೈದ್ಯನಾಗಲೆಂದು ತಂದೆ ಅವನನ್ನು 1825ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೆ ಕಳುಹಿಸಿದನು. ನೋವು ಮರೆಸುವ ಕ್ಲೋರೋಫಾರಂ ಇನ್ನೂ ಬಳಕೆಗೆ ಬಾರದಿದ್ದ ಕಾಲವದು. ಪ್ರಜ್ಞೆಯಿದ್ದಂತೆಯೇ ರೋಗಿಯನ್ನು ಹಿಡಿದು ಕೊಯ್ಯುತ್ತಿದ್ದರು. ಅಂತಹ ಎರಡು ಶಸ್ತ್ರಚಿಕಿತ್ಸೆಗಳನ್ನು ಡಾರ್ವಿನ್ನನು ನೋಡಲು ಹೋದನು. ಒಂದರಲ್ಲಿ ಮೇಜಿನ ಮೇಲಿದ್ದುದು ಪುಟ್ಟ ಮಗು. ಕೆಲಸ ಮುಗಿಯುವ ಮೊದಲೇ ಅವನು ಹೊರಗೋಡಿದನು. ಮತ್ತೆಂದೂ ಅತ್ತ ತಲೆಹಾಕಲಿಲ್ಲ. ಎರಡು ವರ್ಷಗಳಲ್ಲಿ ವೈದ್ಯವಿದ್ಯೆ ಮುಗಿಯಿತು, ಎಂದರೆ ನಿಂತಿತು. ಪಾದ್ರಿಯಾದರೂ ಆಗಲೆಂದು ತಂದೆ ಕೇಂಬ್ರಿಜ್‌ಗೆ ಕಳುಹಿಸಿದನು. ಅಲ್ಲಿ ಅವನ ಮನಸ್ಸು ನೆಟ್ಟದ್ದು ಜೀರುಂಡೆಗಳ ಸಂಗ್ರಹದಲ್ಲಿ. ಒಂದು ದಿನ ಮರದ ತೊಗಟೆಯಡಿ ಎರಡು ಅಪರೂಪದ ಜೀರುಂಡೆಗಳು ಸಿಕ್ಕಿ, ಎರಡು ಕೈಗಳಲ್ಲಿಯೂ ಒಂದೊಂದನ್ನು ಹಿಡಿದಿದ್ದಾಗ ಮೂರನೆಯದು ಕಂಡಿತು. ಬಿಡಲಾರದೆ ಬಲಗೈಯಲ್ಲಿದ್ದುದನ್ನು ಬಾಯಲ್ಲಿಟ್ಟುಕೊಂಡನು. ಅದು ಉರಿಯುವ ರಸವೊಂದನ್ನು ಕಕ್ಕಿತು. ಉಗುಳಿದ ಜೀರುಂಡೆಯೂ ಹೋಯಿತು, ಮೂರನೆಯದೂ ಕೈತಪ್ಪಿತು. ಕೈಗೆ ಹಿಡಿಸುವುದಕ್ಕಿಂತ ಹೆಚ್ಚನ್ನು ಹಿಡಿಯಹೊರಟ ಈ ಪ್ರಸಂಗವನ್ನು ಅವನು ಮುಂದೆ ನಗುತ್ತಲೇ ನೆನೆಯುತ್ತಿದ್ದನು.

1831ರಲ್ಲಿ ಪದವಿ ಪಡೆದ ಡಾರ್ವಿನ್ನನಿಗೆ ಸಸ್ಯಶಾಸ್ತ್ರದ ಅಧ್ಯಾಪಕ ಹೆನ್‌ಸ್ಲೊ ಎಂಬಾತನ ಶಿಫಾರಸಿನಿಂದ ‘ಬೀಗಲ್’ ನೌಕೆಯಲ್ಲಿ ಪ್ರಯಾಣ ಮಾಡುವ ಅವಕಾಶ ದೊರೆಯಿತು. ತಂದೆ ಮೊದಲು ಒಪ್ಪಲಿಲ್ಲ. ಸೋದರಮಾವ ತಿಳಿಹೇಳಿದ ಮೇಲೆ ಒಪ್ಪಿದನು. ಎರಡು ವರ್ಷಗಳೆಂದು ಹೊರಟ ಯಾತ್ರೆ 1831ರ ಡಿಸೆಂಬರಿನಿಂದ 1836ರ ಅಕ್ಟೋಬರಿನವರೆಗೆ, ಸುಮಾರು ಐದು ವರ್ಷ ನಡೆಯಿತು. ಆ ಯಾತ್ರೆಯ ಸಾಹಸಗಳು ಎಲ್ಲರಿಗೂ ಪರಿಚಿತವಾದವು. ಅಷ್ಟಾಗಿ ಹೇಳದೆ ಬಿಡುವ ಸಂಗತಿ ಒಂದಿದೆ. ಗ್ಯಾಲಪಗೋಸ್ ದ್ವೀಪಗಳಲ್ಲಿ ಹಿಡಿದ ಪುಟ್ಟ ಹಕ್ಕಿಗಳಲ್ಲಿ ಯಾವುದು ಯಾವ ದ್ವೀಪದ್ದೆಂಬುದನ್ನು ಅವನು ಸರಿಯಾಗಿ ಗುರುತುಹಾಕಿರಲಿಲ್ಲ. ಆ ಹಕ್ಕಿಗಳ ಮಹತ್ವ ತಿಳಿದುದು 1837ರಲ್ಲಿ, ಲಂಡನ್ನಿನ ಪಕ್ಷಿತಜ್ಞ ಜಾನ್ ಗೂಲ್ಡ್ ಅವುಗಳನ್ನು ಪರೀಕ್ಷಿಸಿದಾಗ. ಡಾರ್ವಿನ್ನನು ಕಪ್ತಾನ ಫಿಟ್ಸ್‌ರಾಯ್ ಮೊದಲಾದ ಸಹಯಾತ್ರಿಗಳು ತಂದಿದ್ದ ಹಕ್ಕಿಗಳನ್ನು ಕೇಳಿ ಪಡೆದು ಕೊರತೆಯನ್ನು ತುಂಬಿಕೊಂಡನು.

ಯಾತ್ರೆಯಿಂದ ಮರಳಿದ ಮೇಲೆ ಅವನ ಆರೋಗ್ಯ ಕೆಡತೊಡಗಿತು. ವಾಂತಿ, ಎದೆಬಡಿತ, ತಲೆನೋವು, ಮಿತಿಮೀರಿದ ಆಯಾಸ ಇವು ಬಾಳಿನುದ್ದಕ್ಕೂ ಬಿಡಲಿಲ್ಲ. ರೋಗವೇನೆಂಬುದನ್ನು ಅಂದಿನ ವೈದ್ಯರು ಹೇಳಲಾರದಾದರು; ಇಂದಿಗೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅರ್ಧ ಗಂಟೆ ಹುರುಪಿನಿಂದ ಮಾತನಾಡಿದರೂ ಆ ರಾತ್ರಿಯ ನಿದ್ರೆ ಹಾಳಾಗುತ್ತಿತ್ತು. 1839ರಲ್ಲಿ ಎಮ್ಮಾಳನ್ನು ಮದುವೆಯಾಗಿದ್ದ ಡಾರ್ವಿನ್ನನು 1842ರಲ್ಲಿ ಲಂಡನ್ನಿನ ಗದ್ದಲವನ್ನು ತೊರೆದು, ಅಲ್ಲಿಂದ ಸುಮಾರು 25 ಕಿಲೋಮೀಟರು ದೂರದ ಡೌನ್ ಎಂಬ ಹಳ್ಳಿಯಲ್ಲಿ ನೆಲೆಸಿದನು. ಉಳಿದ 40 ವರ್ಷಗಳೂ ಅಲ್ಲಿಯೇ ಕಳೆದವು.

ಡೌನ್ ಮನೆಯ ದಿನಚರಿಯನ್ನು ಅವನ ಮಗ ಫ್ರಾನ್ಸಿಸ್ ವಿವರವಾಗಿ ಬರೆದಿಟ್ಟಿದ್ದಾನೆ. ಬೆಳಗಿನ ಉಪಾಹಾರದ ನಂತರ ಎಂಟು ಗಂಟೆಗೆ ಡಾರ್ವಿನ್ನನು ಕೆಲಸಕ್ಕೆ ಕೂಡುತ್ತಿದ್ದನು. ಒಂಬತ್ತೂವರೆಗೆ ಎದ್ದು ಬಂದು ಅಂಚೆಯ ಪತ್ರಗಳನ್ನು ನೋಡಿ, ಮನೆಯವರು ಓದುವ ಕಾದಂಬರಿಯನ್ನು ಕೇಳುತ್ತಾ ಮಂಚದ ಮೇಲೆ ಒರಗುತ್ತಿದ್ದನು. ಹತ್ತೂವರೆಯಿಂದ ಹನ್ನೆರಡರವರೆಗೆ ಮತ್ತೆ ಕೆಲಸ. ಅಲ್ಲಿಗೆ ಆ ದಿನದ ದುಡಿಮೆ ಮುಗಿದಂತೆಯೇ. ಎಷ್ಟೋ ದಿನ ಅವನು ಕೊಠಡಿಯಿಂದ ಹೊರಬಂದು, ಈ ದಿನ ಒಳ್ಳೆಯ ಕೆಲಸವಾಯಿತೆಂದು ತೃಪ್ತಿಯಿಂದ ಹೇಳಿಕೊಳ್ಳುತ್ತಿದ್ದನಂತೆ. ಲೆಕ್ಕಹಾಕಿದರೆ ಮೂರು ಗಂಟೆ! ಸಂಜೆ ಆದರೆ ಇನ್ನೊಂದು ಗಂಟೆ. ಉಳಿದ ಹೊತ್ತು ತೋಟದ ಅಂಚಿನ ಮರಳುಹಾದಿಯಲ್ಲಿ ನಡೆದಾಟ, ಪತ್ರಲೇಖನ, ವಿಶ್ರಾಂತಿ. ಹಾದಿಯ ತಿರುವಿನಲ್ಲಿ ಕೆಲವು ಚಕಮಕಿ ಕಲ್ಲುಗಳನ್ನು ಗುಡ್ಡೆಹಾಕಿ, ಪ್ರತಿ ಸುತ್ತಿಗೊಂದನ್ನು ಕಾಲಿನಿಂದ ಸರಿಸುತ್ತಿದ್ದನು. ಎಣಿಸುವ ಶ್ರಮವೂ ಇಲ್ಲ, ಗೊತ್ತುಮಾಡಿದ ಸುತ್ತು ತಪ್ಪುವಂತೆಯೂ ಇಲ್ಲ. ಓದುವ ಪುಸ್ತಕ ದಪ್ಪವಾಗಿ ಕೈಗೆ ಭಾರವೆನಿಸಿದರೆ ಅದನ್ನು ಎರಡು ಭಾಗವಾಗಿ ಸೀಳಿಬಿಡುತ್ತಿದ್ದನು. ಪುಸ್ತಕವನ್ನು ಪೂಜಿಸುವ ನಾಡಿನವರಿಗೆ ಇದು ಒಗ್ಗದ ಮಾತು. ಆದರೂ ಹೊರಲಾರದ ಭಾರವನ್ನು ಹೊರುವಷ್ಟಕ್ಕೆ ಇಳಿಸಿಕೊಳ್ಳುವ ಅವನ ಬಗೆ ಇದರಲ್ಲಿ ಕಾಣುತ್ತದೆ. ರಾತ್ರಿ ಪತ್ನಿಯೊಡನೆ ಪಗಡೆಯನ್ನು ಹೋಲುವ ಬ್ಯಾಕ್‌ಗ್ಯಾಮನ್ ಆಟವಾಡಿ, ಸೋಲುಗೆಲುವುಗಳನ್ನು ಬರೆದಿಡುತ್ತಿದ್ದನು. 1876ರ ಹೊತ್ತಿಗೆ ಅವಳು ಗೆದ್ದುದು 2490, ಅವನು ಗೆದ್ದುದು 2795.

ಹೀಗೆ ಬಿಡುವಾಗಿ ಬಾಳಲು ಅವನಿಗೆ ಸಾಧ್ಯವಾದುದು ತಂದೆಯ ಆಸ್ತಿಯಿಂದ ಎಂಬುದನ್ನು ಮರೆಯಬಾರದು. ಹೊಟ್ಟೆಪಾಡಿಗಾಗಿ ಹಗಲೆಲ್ಲ ದುಡಿಯುವವನಿಗೆ ಈ ದಿನಚರಿ ದೊರಕದು. ಆದರೆ ಬಿಡುವಿದ್ದ ಶ್ರೀಮಂತರು ಆ ಕಾಲದಲ್ಲಿ ಸಾವಿರಾರು ಮಂದಿ ಇದ್ದರು. ಇದ್ದ ಮೂರು ಗಂಟೆಯನ್ನು ವರ್ಷ ವರ್ಷವೂ ಹಾಳುಮಾಡದೆ ಕಾಪಾಡಿಕೊಂಡವರು ವಿರಳ.

1846ರಲ್ಲಿ ಅವನು ಬಾರ್ನಕಲ್ ಎಂಬ ಸಮುದ್ರಜೀವಿಯ ಅಧ್ಯಯನಕ್ಕೆ ಕೈಹಾಕಿದನು. ಬಂಡೆಗಳಿಗೂ ಹಡಗುಗಳ ತಳಕ್ಕೂ ಅಂಟಿಕೊಂಡು ಬೆಳೆಯುವ ಚಿಪ್ಪಿನ ಪ್ರಾಣಿಯಿದು. ಚಿಲಿ ದೇಶದ ಕಡಲತೀರದಲ್ಲಿ ದೊರೆತಿದ್ದ ಒಂದು ವಿಚಿತ್ರ ಬಗೆಯನ್ನು ಅರಿಯಲು ತೊಡಗಿದ ಕೆಲಸ ಎಂಟು ವರ್ಷ ಹಿಡಿಯಿತು. ಅದರಲ್ಲಿ ಸುಮಾರು ಎರಡು ವರ್ಷ ಕಾಯಿಲೆಯಲ್ಲಿಯೇ ಕಳೆಯಿತೆಂದು ಅವನೇ ಲೆಕ್ಕಹಾಕಿದ್ದಾನೆ. ತಂದೆ ದಿನವೂ ಇದೇ ಕೆಲಸ ಮಾಡುವುದನ್ನು ಕಂಡ ಮಗುವೊಂದು, ಎಲ್ಲ ಮನೆಗಳಲ್ಲಿಯೂ ಹೀಗೆಯೇ ಎಂದು ತಿಳಿದು, ಪಕ್ಕದ ಮನೆಯ ಗೃಹಸ್ಥ ತನ್ನ ಬಾರ್ನಕಲ್‌ಗಳನ್ನು ಎಲ್ಲಿ ಇಟ್ಟುಕೊಂಡು ಕೆಲಸ ಮಾಡುತ್ತಾನೆಂದು ಕೇಳಿತಂತೆ! ಆ ವರ್ಷಗಳಲ್ಲಿ ದಿನದಿನದ ಆರೋಗ್ಯವನ್ನು ಒಂದು ಪುಸ್ತಕದಲ್ಲಿ ಗುರುತುಹಾಕಿ, ಚೆನ್ನಾಗಿದ್ದ ದಿನಗಳೆಷ್ಟೆಂದು ಎಣಿಸುತ್ತಿದ್ದನು.

ಅವನು ಸದಾ ತನ್ನ ಬಗ್ಗೆ ಸಮಾಧಾನದಿಂದಿದ್ದನೆಂದು ಭಾವಿಸಲಾಗದು. ಹತ್ತು ಮಕ್ಕಳಲ್ಲಿ ಮೂವರು ಎಳವೆಯಲ್ಲಿ ತೀರಿಕೊಂಡರು. 1851ರ ಏಪ್ರಿಲಿನಲ್ಲಿ ಹತ್ತು ವರ್ಷದ ಮುದ್ದು ಮಗಳು ಆ್ಯನಿ ಮಾಲ್‌ವರ್ನ್ ಎಂಬಲ್ಲಿ ಅವನ ಕಣ್ಣೆದುರಿನಲ್ಲಿಯೇ ಸೊರಗಿ ಸತ್ತಳು. ತನ್ನ ರೋಗವೇ ಮಕ್ಕಳಿಗೆ ಹರಿದುಬಂದಿದೆಯೋ ಎಂಬ ಶಂಕೆ ಅವನನ್ನು ಬಹುಕಾಲ ಕೊರೆಯಿತು. ಆ ಕೊರಗಿಗೆ ಮದ್ದಿರಲಿಲ್ಲ. ಮಗಳ ಗುಣಸ್ವಭಾವಗಳನ್ನು ಕೆಲವು ಪುಟಗಳಲ್ಲಿ ಬರೆದಿಟ್ಟು, ಅವನು ಮತ್ತೆ ಬಾರ್ನಕಲ್‌ಗಳ ಬಳಿ ಕುಳಿತನು.

ಜೀವಿಗಳು ಮಾರ್ಪಡುವುದು ಪ್ರಕೃತಿಯ ಆಯ್ಕೆಯಿಂದ ಎಂಬ ವಿಚಾರ ಅವನಿಗೆ 1838ರಲ್ಲಿಯೇ ಹೊಳೆದಿತ್ತು. 1842ರಲ್ಲಿ 35 ಪುಟಗಳ ಟಿಪ್ಪಣಿಯನ್ನೂ 1844ರಲ್ಲಿ 230 ಪುಟಗಳ ಪ್ರಬಂಧವನ್ನೂ ಬರೆದು, ತಾನು ಸತ್ತರೆ ಇದನ್ನು ಪ್ರಕಟಿಸಬೇಕೆಂದು ಪತ್ನಿಗೆ ಪತ್ರ ಬರೆದಿಟ್ಟಿದ್ದನು. ಬಳಿಕ ಎಲ್ಲ ಸಾಕ್ಷ್ಯಗಳನ್ನೂ ಒಳಗೊಂಡ ಮಹಾಗ್ರಂಥವೊಂದಕ್ಕೆ ತೊಡಗಿದನು. ಅದು ಬೆಳೆಯುತ್ತಲೇ ಹೋಯಿತು, ಮುಗಿಯಲಿಲ್ಲ. 1858ರ ಜೂನ್ ತಿಂಗಳಲ್ಲಿ ಮಲಯ ದ್ವೀಪಸ್ತೋಮದಿಂದ ಆಲ್ಫ್ರೆಡ್ ವಾಲೇಸ್ ಎಂಬ ಸಂಶೋಧಕನ ಲೇಖನವೊಂದು ಅಂಚೆಯಲ್ಲಿ ಬಂದಿತು. ಅದರಲ್ಲಿದ್ದುದು ಅದೇ ವಿಚಾರ! ಇಪ್ಪತ್ತು ವರ್ಷಗಳ ಶ್ರಮ ಪರರ ಪಾಲಾಯಿತೆಂಬ ಸಂಕಟ ಒಂದೆಡೆ. ಅದಕ್ಕಾಗಿ ಸಂಕಟಪಡುತ್ತಿರುವೆನಲ್ಲಾ ಎಂಬ ನಾಚಿಕೆ ಇನ್ನೊಂದೆಡೆ. ಅಲ್ಪತನದಿಂದ ನಡೆದುಕೊಂಡನೆನ್ನಿಸಿಕೊಳ್ಳುವುದಕ್ಕಿಂತ ತನ್ನ ಗ್ರಂಥವನ್ನೇ ಸುಟ್ಟುಬಿಡುವುದು ಲೇಸೆಂದು ಗೆಳೆಯನಿಗೆ ಬರೆದನು. ಅದೇ ವಾರಗಳಲ್ಲಿ ಮನೆಗೆ ಸ್ಕಾರ್ಲೆಟ್ ಜ್ವರ ಹೊಕ್ಕು, ಜೂನ್ 28ರಂದು ಅವನ ಕೊನೆಯ ಮಗ ತೀರಿಕೊಂಡನು. ಹುಕರ್ ಮತ್ತು ಲಯಲ್ ಎಂಬ ಮಿತ್ರರು ಇಬ್ಬರ ಬರಹಗಳನ್ನೂ ಜುಲೈ 1ರಂದು ಲಿನಿಯನ್ ಸೊಸೈಟಿಯಲ್ಲಿ ಒಟ್ಟಿಗೆ ಓದಿಸಿದರು. ಡಾರ್ವಿನ್ನನು ಅಲ್ಲಿಗೆ ಹೋಗಲಿಲ್ಲ.

ಆಗ ಅವನು ಮಾಡಿದ ತೀರ್ಮಾನ ವಿಜ್ಞಾನದ ಇತಿಹಾಸದಲ್ಲಿ ದೊಡ್ಡದು. ಮಹಾಗ್ರಂಥವನ್ನು ಬದಿಗಿಟ್ಟು, ತನ್ನ ಕೈಲಾಗುವ ಒಂದು ಸಂಗ್ರಹವನ್ನಷ್ಟೇ ಬರೆಯತೊಡಗಿದನು. ನಡುನಡುವೆ ಕಾಯಿಲೆ ಬಿದ್ದು, ಜಲಚಿಕಿತ್ಸೆಗೆ ಹೋಗಿಬಂದು, ಹದಿಮೂರು ತಿಂಗಳು ಹತ್ತು ದಿನಗಳಲ್ಲಿ ಅದನ್ನು ಮುಗಿಸಿದನು. 1859ರ ನವೆಂಬರ್ 24ರಂದು 1250 ಪ್ರತಿಗಳಾಗಿ ಹೊರಬಂದ ಆ ಸಂಗ್ರಹವೇ ಜೀವಜಾತಿಗಳ ಉಗಮವನ್ನು ಕುರಿತ ಜಗತ್ಪ್ರಸಿದ್ಧ ಗ್ರಂಥ. ಅಂದುಕೊಂಡಿದ್ದ ಮಹಾಗ್ರಂಥ ಅವನ ಜೀವಿತಕಾಲದಲ್ಲಿ ಆ ರೂಪದಲ್ಲಿ ಹೊರಬರಲೇ ಇಲ್ಲ. ಅದು ಬರಲಿಲ್ಲವೆಂದು ಓದುಗರಾರೂ ಕೊರಗಿದಂತೆ ಕಾಣದು.

ಗ್ರಂಥವೆಬ್ಬಿಸಿದ ಬಿರುಗಾಳಿಯನ್ನು ಎದುರಿಸುವ ಕೆಲಸವನ್ನು ಅವನು ಹಕ್ಸ್‌ಲಿಯಂತಹ ಮಿತ್ರರಿಗೆ ಬಿಟ್ಟನು. ಸಭೆಯಲ್ಲಿ ನಿಂತು ವಾದಿಸುವುದು ತನ್ನಿಂದಾಗದೆಂದು ಅವನಿಗೆ ಗೊತ್ತಿತ್ತು. ತನ್ನ ಬುದ್ಧಿ ಚುರುಕಲ್ಲ, ನೆನಪು ಮಸುಕು, ಗಣಿತವೆಂದರೆ ದೂರ ಎಂದು ಅವನು ಮರೆಮಾಚದೆ ಬರೆದಿದ್ದಾನೆ. ಅದೇ ಸಮಚಿತ್ತದಿಂದ, ಇತರರ ಕಣ್ಣಿಗೆ ಬೀಳದ ವಿಷಯಗಳನ್ನು ಗಮನಿಸುವುದರಲ್ಲಿ ತಾನು ಸಾಮಾನ್ಯರಿಗಿಂತ ಮೇಲೆಂದೂ ಬರೆದಿದ್ದಾನೆ. ಸ್ಕಾಟ್ಲೆಂಡಿನ ಗ್ಲೆನ್ ರಾಯ್ ಕಣಿವೆಯ ಬೆಟ್ಟಸಾಲುಗಳ ಮೇಲಿನ ಗೆರೆಗಳನ್ನು ಹಳೆಯ ಕಡಲತೀರಗಳೆಂದು 1839ರಲ್ಲಿ ಅವನು ವಾದಿಸಿದ್ದನು. ಅವು ಹಿಮನದಿ ತಡೆದ ಸರೋವರದ ದಡಗಳೆಂದು ಸಿದ್ಧವಾದಾಗ ತನ್ನದು ದೊಡ್ಡ ಪ್ರಮಾದವೆಂದು ಒಪ್ಪಿ, ಇನ್ನೊಂದು ಕೆಲಸದತ್ತ ತಿರುಗಿದನು. ತನ್ನ ಮತಕ್ಕೆ ವಿರುದ್ಧವಾದ ಸಂಗತಿ ಕಂಡೊಡನೆ ಬರೆದಿಟ್ಟುಕೊಳ್ಳುವುದು ಅವನ ನಿಯಮ. ಅಂತಹವು ಬೇಗ ಮರೆತುಹೋಗುತ್ತವೆಂಬುದನ್ನು ಅನುಭವದಿಂದ ಕಲಿತಿದ್ದನು.

ದೇಹ ಕುಗ್ಗಿದಂತೆ ಅವನು ಕೆಲಸವನ್ನು ಮನೆಯೊಳಕ್ಕೇ ತಂದುಕೊಂಡನು. 1863ರಲ್ಲಿ ಹಾಸಿಗೆ ಹಿಡಿದಿದ್ದಾಗ ಕುಂಡದಲ್ಲಿದ್ದ ಬಳ್ಳಿಯೊಂದರ ಕುಡಿ ಆಸರೆಯನ್ನು ಅರಸುತ್ತಾ ಸುತ್ತುವುದನ್ನು ನೋಡುತ್ತಿದ್ದನು. ಹತ್ತುಬಳ್ಳಿಗಳ ಗ್ರಂಥ ಹುಟ್ಟಿದುದು ಹಾಗೆ. ನಮ್ಮ ಮಲೆನಾಡಿನ ಸೀತಾಳೆ ಹೂವಿನ ಬಳಗಕ್ಕೆ ಸೇರಿದ ಆರ್ಕಿಡ್‌ಗಳನ್ನು ಕುರಿತು 1862ರಲ್ಲಿಯೇ ಬರೆದಿದ್ದನು. ಎಲ್ಲಕ್ಕಿಂತ ಸೊಗಸಾದುದು ಎರೆಹುಳುಗಳ ಕಥೆ. 1842ರಲ್ಲಿ ಮನೆಯ ಬಳಿಯ ಹೊಲವೊಂದರಲ್ಲಿ ಸೀಮೆಸುಣ್ಣದ ಚೂರುಗಳನ್ನು ಹರಡಿಸಿ, ಎರೆಹುಳುಗಳು ಹೊರಹಾಕುವ ಮಣ್ಣು ಅವುಗಳನ್ನು ಎಷ್ಟು ಆಳಕ್ಕೆ ಹೂಳುವುದೆಂದು ನೋಡಲು ಕಾದನು. ಅಗೆಸಿ ನೋಡಿದ್ದು 1871ರಲ್ಲಿ, 29 ವರ್ಷಗಳ ಮೇಲೆ! ಸುಣ್ಣದ ಗೆರೆ ಏಳು ಅಂಗುಲ ಆಳದಲ್ಲಿತ್ತು. ಆ ಹುಳುಗಳನ್ನು ಕುಂಡಗಳಲ್ಲಿ ಸಾಕಿ, ಮಗನಿಂದ ವಾದ್ಯ ನುಡಿಸಿ, ಪತ್ನಿಯಿಂದ ಪಿಯಾನೋ ಬಾರಿಸಿ, ಅವುಗಳಿಗೆ ಕಿವಿಯಿಲ್ಲವೆಂಬುದನ್ನು ಕಂಡುಕೊಂಡನು. 1881ರಲ್ಲಿ ಪ್ರಕಟವಾದ ಈ ಪುಸ್ತಕವನ್ನು ಜನ ಮುಗಿಬಿದ್ದು ಕೊಂಡರು.

ಒಂದು ವಿಷಾದ ಅವನಲ್ಲಿ ಉಳಿದಿತ್ತು. ಯೌವನದಲ್ಲಿ ಪ್ರಿಯವಾಗಿದ್ದ ಕಾವ್ಯ, ಸಂಗೀತಗಳ ರುಚಿ ಮುಪ್ಪಿನಲ್ಲಿ ಬತ್ತಿಹೋಯಿತೆಂದೂ, ಮತ್ತೆ ಬಾಳುವ ಅವಕಾಶವಿದ್ದರೆ ವಾರಕ್ಕೊಮ್ಮೆಯಾದರೂ ಸ್ವಲ್ಪ ಕಾವ್ಯ ಓದಿ ಸಂಗೀತ ಕೇಳುವ ನಿಯಮ ಇಟ್ಟುಕೊಳ್ಳುವೆನೆಂದೂ ಆತ್ಮಕಥೆಯಲ್ಲಿ ಹೇಳಿದ್ದಾನೆ. ದಿನವೂ ಎನ್ನಲಿಲ್ಲ, ವಾರಕ್ಕೊಮ್ಮೆ ಎಂದನು.

1882ರ ಆರಂಭದಲ್ಲಿ ಎದೆನೋವು ಹೆಚ್ಚಾಯಿತು. ಮರಳುಹಾದಿಯ ನಡೆದಾಟ ನಿಂತಿತು. ಏಪ್ರಿಲ್ 17ರಂದು ಮಗ ಫ್ರಾನ್ಸಿಸ್ ಮನೆಯಲ್ಲಿರಲಿಲ್ಲ. ಅವನು ನಡೆಸುತ್ತಿದ್ದ ಪ್ರಯೋಗವೊಂದರ ಅಂದಿನ ಸ್ಥಿತಿಯನ್ನು ಡಾರ್ವಿನ್ನನು ನೋಡಿ, ಮಗನಿಗಾಗಿ ಗುರುತುಹಾಕಿಟ್ಟನು. 19ರಂದು, ತನ್ನ ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಪ್ರಾಣಬಿಟ್ಟನು. ಹಳ್ಳಿಯ ಚರ್ಚಿನ ಅಂಗಳದಲ್ಲಿಯೇ ಸಮಾಧಿಯಾಗಬೇಕೆಂಬುದು ಮನೆಯವರ ಎಣಿಕೆಯಾಗಿತ್ತು. ಆದರೆ 26ರಂದು ಅವನನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ನ್ಯೂಟನ್ನನ ಸಮಾಧಿಗೆ ಸಮೀಪದಲ್ಲಿ ಮಣ್ಣುಮಾಡಿದರು.