ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರು

ಗದಗ ಪಟ್ಟಣದ ಹೆಸರನ್ನು ಕೇಳಿದೊಡನೆ ವೀರನಾರಾಯಣನ ಗುಡಿಯನ್ನೂ ಕುಮಾರವ್ಯಾಸನನ್ನೂ ನೆನೆಯುವವರು ಹಲವರಿರುವಂತೆ, ವೀರೇಶ್ವರ ಪುಣ್ಯಾಶ್ರಮವನ್ನು ನೆನೆದು ಕೈ ಮುಗಿಯುವವರೂ ನಾಡಿನಲ್ಲಿ ಹಲವರಿದ್ದಾರೆ. ಕಣ್ಣಿಲ್ಲದ ಮಕ್ಕಳು, ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳು, ಮನೆಯಲ್ಲಿ ಎರಡು ಹೊತ್ತಿನ ಊಟಕ್ಕೆ ದಾರಿಯಿಲ್ಲದ ಮಕ್ಕಳು ಅಲ್ಲಿಗೆ ಬಂದು ಉಂಡು, ಕಲಿತು, ತಮ್ಮ ಕಾಲ ಮೇಲೆ ತಾವು ನಿಂತಿದ್ದಾರೆ. ಆ ಆಶ್ರಮವನ್ನು ಕಟ್ಟಿದ ಪಂಚಾಕ್ಷರ ಗವಾಯಿಗಳವರನ್ನು ನಾವು ದೊಡ್ಡ ಗಾಯಕರೆಂದು ಕೊಂಡಾಡುತ್ತೇವೆ. ಅದು ನಿಜವೇ ಸರಿ. ಆದರೆ ಅವರ ಗಾಯನವನ್ನು ಕೇಳಿದ ತಲೆಮಾರು ಬಹುಮಟ್ಟಿಗೆ ಮುಗಿದುಹೋಗಿದೆ. ಇಂದಿಗೂ ಉಳಿದು ಬೆಳೆಯುತ್ತಿರುವುದು ಅವರು ಮಕ್ಕಳನ್ನು ಎತ್ತಿಕೊಂಡ ಬಗೆ. ಆ ಬಗೆಯನ್ನು ಅವರು ಯಾವ ಗ್ರಂಥದಿಂದಲೂ ಕಲಿಯಲಿಲ್ಲ. ತಮ್ಮನ್ನು ಎತ್ತಿಕೊಂಡ ಗುರುವಿನಿಂದ ಕಲಿತರು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ನೆಯ ಇಸವಿ ಫೆಬ್ರುವರಿ 2ರಂದು ಒಂದು ಬಡ ಜಂಗಮ ಮನೆತನದಲ್ಲಿ ಅವರ ಜನನವಾಯಿತು. ತಂದೆ ಗುರುಪಾದಯ್ಯ ಚರಂತಿಮಠ, ತಾಯಿ ನೀಲಮ್ಮ. ಮಗುವಿಗೆ ಗದಿಗೆಯ್ಯನೆಂದು ಹೆಸರಿಟ್ಟರು. ಗದಿಗೆಯ್ಯನಿಗೆ ಕಣ್ಣಿರಲಿಲ್ಲ. ಅವನ ಅಣ್ಣ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳೆಂದರೆ ಅಂದಿನ ಹಳ್ಳಿಯ ಸಂಸಾರಕ್ಕೆ ಅದೆಂತಹ ಸಂಕಟವೆಂಬುದನ್ನು ವಾಚಕರೇ ಊಹಿಸಬಹುದು. ಹೊಲದ ಕೆಲಸಕ್ಕೆ ಇಂತಹ ಮಕ್ಕಳು ಬಾರರು; ಸಾಲಿಗೆ ಕಳಿಸೋಣವೆಂದರೆ ಪಾಟಿಯ ಮೇಲಿನ ಅಕ್ಷರ ಅವರಿಗೆ ಕಾಣದು. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಒಂದು ಶಾಲೆ ಪ್ರಾರಂಭವಾಯಿತಾದರೂ ಅದು ಮುಂಬಯಿ ಇಲಾಖೆಗೆ ಸೇರಿದ್ದ ಹಾನಗಲ್ಲ ಸೀಮೆಯ ಬಡವರ ಎಟುಕಿಗೆ ನಿಲುಕುವಂತಹುದಾಗಿರಲಿಲ್ಲ. ಇದರ ಮೇಲೆ ಜನರ ಮಾತು ಬೇರೆ. ಹಿಂದಿನ ಜನ್ಮದ ಕರ್ಮವೆಂದು ಒಬ್ಬರು, ಹಿರಿಯರು ಮಾಡಿದ ಪಾಪವೆಂದು ಇನ್ನೊಬ್ಬರು ಆಡಿಕೊಳ್ಳುವಾಗ ಹೆತ್ತವರು ಮಕ್ಕಳನ್ನು ಒಳಮನೆಯಲ್ಲಿ ಮರೆಮಾಡುವುದು ಆ ಕಾಲಕ್ಕೆ ಅಪರೂಪವಾಗಿರಲಿಲ್ಲ. ಲಿಂಗವನ್ನು ಧರಿಸಿದವನಿಗೆ ಪೂರ್ವಕರ್ಮದ ಹಂಗಿಲ್ಲವೆಂದು ಶರಣರು ಸಾರಿದ ನಾಡಿನಲ್ಲಿಯೇ ಈ ಮಾತು ನಡೆಯುತ್ತಿತ್ತೆಂಬುದು ಎಣಿಸಿದರೆ ವ್ಯಸನವಾಗುತ್ತದೆ.

ಈ ಇಬ್ಬರು ಬಾಲಕರಿಗೆ ಕಣ್ಣಿರಲಿಲ್ಲವಾದರೂ ಕಂಠವಿತ್ತು. ಕೇಳಿದ ಹಾಡನ್ನು ಕೇಳಿದಂತೆಯೇ ಹಾಡುತ್ತಿದ್ದರು. ಅದನ್ನು ಗುರುತಿಸಿದವರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳವರು. ರಾಣೆಬೆನ್ನೂರ ತಾಲೂಕಿನಲ್ಲಿ 1867ರಲ್ಲಿ ಜನಿಸಿದ ಈ ಮಹನೀಯರು ಮುಂದೆ 1904ರಲ್ಲಿ ವೀರಶೈವ ಮಹಾಸಭೆಯ ಸ್ಥಾಪನೆಗೆ ಕಾರಣರಾದುದೂ, 1909ರಲ್ಲಿ ಬಾದಾಮಿಯ ಸಮೀಪದಲ್ಲಿ ಮಲಾಪಹಾರಿಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದುದೂ ನಮ್ಮ ಓದುಗರಿಗೆ ತಿಳಿದ ಸಂಗತಿಗಳು. ಅವರು ಮಠದ ಗದ್ದುಗೆಯ ಮೇಲೆ ಕುಳಿತು ಭಕ್ತರು ಬರಲೆಂದು ಕಾಯುವ ಸ್ವಾಮಿಗಳಾಗಿರಲಿಲ್ಲ. ಊರೂರು ಸಂಚರಿಸಿ, ಯಾವ ಮನೆಯಲ್ಲಿ ಯಾವ ಮಗುವಿದೆ, ಅದರಲ್ಲಿ ಏನಿದೆ ಎಂದು ಹುಡುಕುತ್ತಿದ್ದರು. ಕಾಡಶೆಟ್ಟಿಹಳ್ಳಿಯ ಬಾಲಕರ ಹಾಡು ಅವರ ಕಿವಿಗೆ ಬಿದ್ದಿತು. ತಂದೆತಾಯಿಗಳನ್ನು ಒಪ್ಪಿಸಿ ಇಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು.

ಇಲ್ಲಿ ಒಂದು ಸೂಕ್ಷ್ಮವಿದೆ. ಕರುಣೆಯುಳ್ಳ ಯಾರಾದರೂ ಆ ಮಕ್ಕಳಿಗೆ ಅನ್ನವಿಕ್ಕಬಹುದಾಗಿತ್ತು. ಮಠದ ಮೂಲೆಯಲ್ಲಿ ಕುಳಿತು ಉಂಡು ಕಾಲ ಕಳೆಯಿರೆಂದರೆ ಅದೂ ಪುಣ್ಯವೆಂದೇ ಎಣಿಕೆಯಾಗುತ್ತಿತ್ತು. ಕುಮಾರಸ್ವಾಮಿಗಳವರು ಹಾಗೆ ಮಾಡಲಿಲ್ಲ. ಮಕ್ಕಳಲ್ಲಿ ಇಲ್ಲದುದನ್ನು ಬಿಟ್ಟು ಇದ್ದುದನ್ನು ಹಿಡಿದರು. ಬಾಲ್ಯ ಮುಗಿಯುವ ಮೊದಲೇ ಹಿಡಿದರು. ಕಂಠವೂ ಕಿವಿಯೂ ಎಳೆಯದಾಗಿರುವಾಗ ಬಿದ್ದ ಸ್ವರ ನಿಲ್ಲುವಂತೆ ಮುಪ್ಪಿನಲ್ಲಿ ಬಿದ್ದುದು ನಿಲ್ಲದೆಂಬುದನ್ನು ಸಂಗೀತ ಬಲ್ಲವರೆಲ್ಲರೂ ಒಪ್ಪುತ್ತಾರೆ. ಅಂಧ ಬಾಲಕನ ಮನಸ್ಸಿನ ವಿಷಯದಲ್ಲಿಯೂ ಇದು ದಿಟ. ತಾನು ಮನೆಗೆ ಭಾರವೆಂಬ ಭಾವನೆ ಹತ್ತು ವರುಷ ಬೇರುಬಿಟ್ಟ ಮೇಲೆ ಅದನ್ನು ಕೀಳುವುದು ಬಲು ಕಷ್ಟ.

ಗುರುಬಸಯ್ಯನು ಎಳೆಯ ವಯಸ್ಸಿನಲ್ಲಿಯೇ ಲಿಂಗೈಕ್ಯನಾದನು. ಜೊತೆಯಲ್ಲಿ ಹಾಡಿ ಬೆಳೆದ ಅಣ್ಣನ ಅಗಲಿಕೆಯಿಂದ ತಮ್ಮನು ಕುಗ್ಗಿಹೋಗದಂತೆ ಕಾಪಾಡಿದುದೂ ಗುರುಕರುಣೆಯೇ. ಗದಿಗೆಯ್ಯನಿಗೆ ಪಂಚಾಕ್ಷರಿಯೆಂಬ ಹೆಸರಾಯಿತು. ಸ್ವಾಮಿಗಳವರು ಅವನನ್ನು ಮೈಸೂರಿಗೆ ಕಳಿಸಿ ಕರ್ನಾಟಕ ಸಂಗೀತವನ್ನು ಕಲಿಸಿದರು. ಬಳಿಕ ಮಿರಜಿಯ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತದ ಶಿಕ್ಷಣವಾಯಿತು. ಧಾರವಾಡದ ಮಲ್ಲಿಕಾರ್ಜುನ ಮನಸೂರರೂ ಇದೇ ಗುರುಗಳ ಶಿಷ್ಯರೆಂಬುದನ್ನು ಇಲ್ಲಿ ನೆನೆಯಬಹುದು. ಹೀಗೆ ಎರಡೂ ಪದ್ಧತಿಗಳನ್ನು ಕರಗತ ಮಾಡಿಕೊಂಡ ಪಂಚಾಕ್ಷರಿಗಳವರಿಗೆ ಉಭಯಗಾನ ವಿಶಾರದರೆಂಬ ಬಿರುದು ಅನ್ವರ್ಥವಾಯಿತು. ಅಂಧ ವಿದ್ಯಾರ್ಥಿಯೊಬ್ಬನನ್ನು ದೂರದ ಊರುಗಳಲ್ಲಿಟ್ಟು ವರುಷಗಟ್ಟಲೆ ಓದಿಸಬೇಕಾದರೆ ಊಟ, ವಸತಿ, ಕೈಹಿಡಿದು ನಡೆಸುವವರು, ಎಲ್ಲವೂ ಬೇಕಷ್ಟೆ. ಬಡ ತಂದೆತಾಯಿಗಳು ಇದನ್ನು ಕನಸಿನಲ್ಲಿಯೂ ಎಣಿಸುವಂತಿರಲಿಲ್ಲ. ಆ ಹೊಣೆಯನ್ನೆಲ್ಲ ಗುರುವೇ ಹೊತ್ತನು.

ವಿದ್ಯೆ ಕೈಗೂಡಿದ ಮೇಲೆ ಅರಮನೆಯ ಆಸ್ಥಾನವನ್ನೋ ಪಟ್ಟಣದ ಸಿರಿವಂತರ ಆಶ್ರಯವನ್ನೋ ಅರಸಿಕೊಂಡು ಹೋಗಬಹುದಾಗಿತ್ತು. ಗವಾಯಿಗಳವರು ಬ್ರಹ್ಮಚರ್ಯವನ್ನು ಕೈಕೊಂಡು, ಅಂಧರಿಗೂ ಅನಾಥರಿಗೂ ಬಡವರಿಗೂ ಯಾವ ಪ್ರತಿಫಲವನ್ನೂ ಬಯಸದೆ ಸಂಗೀತವನ್ನು ಕಲಿಸುವುದೇ ತಮ್ಮ ಕಾಯಕವೆಂದು ಸಂಕಲ್ಪ ಮಾಡಿದರು. 1914ರಲ್ಲಿ ಪ್ರಾರಂಭವಾದ ಆ ಪಾಠಶಾಲೆಗೆ ಮೊದಲು ನೆಲೆಯೇ ಇರಲಿಲ್ಲ. ಗುರುವೂ ಶಿಷ್ಯರೂ ವಾದ್ಯಗಳನ್ನು ಹೊತ್ತು ಊರಿಂದೂರಿಗೆ ಸಾಗುತ್ತಿದ್ದರು. ಮಠದಲ್ಲಿಯೋ ಗುಡಿಯಲ್ಲಿಯೋ ಬೀಡುಬಿಟ್ಟು, ಭಕ್ತರು ಕೊಟ್ಟ ಜೋಳ ಬೇಳೆಗಳಿಂದ ಅಡಿಗೆಯಾಗಿ, ಅಲ್ಲಿಯೇ ಪಾಠವಾಗಬೇಕು. ಕೊಡುವ ಊರೂ ಉಂಟು, ಕೊಡದ ಊರೂ ಉಂಟು. ಮಕ್ಕಳ ಸಂಖ್ಯೆ ಬೆಳೆದಂತೆ ಹೊಟ್ಟೆಗಳೂ ಬೆಳೆದವು. 1930ರಲ್ಲಿ ಕುಮಾರಸ್ವಾಮಿಗಳವರು ಲಿಂಗೈಕ್ಯರಾದ ಮೇಲಂತೂ ಬೆನ್ನಹಿಂದಿನ ದೊಡ್ಡ ಆಸರೆಯೇ ತಪ್ಪಿತು. ಕಡೆಗೆ ಗದಗದಲ್ಲಿ ಬಸರಿಗಿಡದ ವೀರಪ್ಪನವರಂತಹ ಉದಾರಿಗಳ ನೆರವಿನಿಂದ ಆಶ್ರಮಕ್ಕೆ ನಿಂತ ನೆಲೆ ದೊರೆಯಿತು. ವ್ಯಾಪಾರಸ್ಥರಾದ ಗೃಹಸ್ಥರೊಬ್ಬರು ಕೈ ಬಿಚ್ಚಿದುದರಿಂದ ಸಾವಿರಾರು ಮನೆಗಳ ಮಕ್ಕಳಿಗೆ ಸೂರಾಯಿತೆಂಬುದನ್ನು ನಮ್ಮ ಸದ್ಭಕ್ತರು ಗಮನಿಸಬೇಕು.

ಅಲ್ಲಿಯ ಶಿಕ್ಷಣಕ್ರಮವು ಸರಳವಾದುದು. ಮೊದಲು ಪ್ರಸಾದ, ಆಮೇಲೆ ಪಾಠ. ಹಸಿದ ಮಗುವಿನ ಕಿವಿಗೆ ಶ್ರುತಿ ಹತ್ತುವುದಿಲ್ಲವಷ್ಟೆ. ಸ್ವರವನ್ನು ಗುರುವು ಹಾಡುವನು, ಶಿಷ್ಯನು ಹಾಡುವನು. ತಾಳವನ್ನು ಕೈಯಿಂದ ಕೈಗೆ ಕಲಿಸುವುದು. ಹಾರ್ಮೋನಿಯಮ್ಮಿನ ಮನೆಗಳನ್ನು ಬೆರಳು ಹಿಡಿದು ತೋರಿಸುವುದು. ಬರಹದ ಅವಶ್ಯಕತೆಯೇ ಇಲ್ಲದ ಈ ವಿದ್ಯೆಯಲ್ಲಿ ಕಣ್ಣುಳ್ಳವನಿಗೂ ಇಲ್ಲದವನಿಗೂ ಅಂತರ ಉಳಿಯಲಿಲ್ಲ. ಇಬ್ಬರೂ ಒಂದೇ ಸಾಲಿನಲ್ಲಿ ಕುಳಿತರು. ಮುಂದೆ ಹೋದವನು ಹಿಂದೆ ಬಂದವನಿಗೆ ಕಲಿಸಿದನು. ಹಾಡುಗಾರಿಕೆ ಒಗ್ಗದವನಿಗೆ ತಬಲ, ತಬಲ ಒಗ್ಗದವನಿಗೆ ಪಿಟೀಲು ಅಥವಾ ಕೀರ್ತನ. ಇಲ್ಲಿ ಕಲಿತವರು ಪುರಾಣ ಪ್ರವಚನಗಳ ವೇದಿಕೆಯಲ್ಲಿ, ನಾಟಕ ಕಂಪನಿಗಳಲ್ಲಿ, ಶಾಲೆಗಳಲ್ಲಿ ಸಂಗೀತದಿಂದಲೇ ಅನ್ನ ಸಂಪಾದಿಸಿದರು. ಶರಣರ ವಚನಗಳನ್ನು ರಾಗಬದ್ಧವಾಗಿ ಹಾಡಿ ಜನರ ನಾಲಗೆಗೆ ತಂದವರಲ್ಲಿ ಗವಾಯಿಗಳವರೂ ಅವರ ಶಿಷ್ಯರೂ ಅಗ್ರಗಣ್ಯರು. ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚುಹಾಕಿಸಿದುದು ಓದು ಬಲ್ಲವರಿಗಾದರೆ, ಈ ಗಾಯನವು ಓದು ಬಾರದವರಿಗಾಯಿತು.

ಹಾವೇರಿಯ ಹತ್ತಿರದ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜನೆಂಬ ಬಾಲಕನು ಎಳವೆಯಲ್ಲಿಯೇ ದೃಷ್ಟಿಯನ್ನೂ ತಂದೆತಾಯಿಗಳ ಆಸರೆಯನ್ನೂ ಕಳೆದುಕೊಂಡಿದ್ದನು. ಅವನನ್ನು ಸಾಕಿದವರು ಸೋದರಮಾವ ಚಂದ್ರಶೇಖರಯ್ಯನವರು. ಮಾವನ ಹಾರ್ಮೋನಿಯಮ್ಮನ್ನು ಹುಡುಗನು ತಾನಾಗಿ ನುಡಿಸತೊಡಗಿದುದನ್ನು ಕಂಡು, ಗದರಿಸಿ ಪೆಟ್ಟಿಗೆಯನ್ನು ಎತ್ತಿಡದೆ, ಅವನನ್ನು ಗವಾಯಿಗಳವರ ಬಳಿಗೆ ಕರೆತಂದು ಒಪ್ಪಿಸಿದರು. ಆ ಮಾವನ ಹೆಸರು ಚರಿತ್ರೆಯಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ; ನನ್ನ ಎಣಿಕೆಯಲ್ಲಿ ಅವರದು ದೊಡ್ಡ ಹೆಸರು. ಗುರುವಿಗೆ ಮಗುವನ್ನು ತೋರಿಸುವವರು ಮನೆಯವರೇ ಆಗಬೇಕು. ಮನೆಯವರು ಮುಚ್ಚಿಟ್ಟ ಮಗುವನ್ನು ಎಂತಹ ಗುರುವೂ ಕಾಣಲಾರನು.

ಯಲಿವಾಳದ ಬಸವರಾಜ ರಾಜಗುರುಗಳ ಸಂಗತಿ ಬೇರೆ ಬಗೆಯದು. ಅವರಿಗೆ ಕಣ್ಣುಗಳಿದ್ದವು, ಸಂಗೀತ ಬಲ್ಲ ತಂದೆಯೂ ಇದ್ದರು. ಆದರೆ 13ನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು ಚಿಕ್ಕಂದಿನ ಕಲಿಕೆ ನಡುದಾರಿಯಲ್ಲಿ ನಿಲ್ಲುವ ಹೊತ್ತಿಗೆ ಗವಾಯಿಗಳವರು ಆ ಕಂಠವನ್ನು ಕೇಳಿ ಶಿಷ್ಯನನ್ನಾಗಿ ತೆಗೆದುಕೊಂಡರು. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ 600ನೆಯ ವರುಷದ ಉತ್ಸವ ನಡೆಯಿತು. ತರುಣ ರಾಜಗುರುಗಳು ಅಂದು ಸಭೆಯ ಮುಂದೆ ಹಾಡಿದರು. ಅವರಿಗೆ ತಬಲ ಸಾಥಿ ನೀಡಿದವರು ಸ್ವತಃ ಗುರುಗಳೇ! ನಾಡೆಲ್ಲ ಬಲ್ಲ ಗಾಯಕರು, ಎರಡು ಪದ್ಧತಿಗಳ ಪಂಡಿತರು, ಮುಂದಿನ ಆಸನವನ್ನು ಹುಡುಗನಿಗೆ ಬಿಟ್ಟು ಪಕ್ಕದಲ್ಲಿ ತಬಲ ಹಿಡಿದು ಕುಳಿತರು. ಲಯ ತಪ್ಪದಂತೆ ಕಾಯುವ ಕೈ ತನ್ನ ಗುರುವಿನದೇ ಎಂದು ಬಲ್ಲ ಶಿಷ್ಯನಿಗೆ ಸಭೆಯ ಅಂಜಿಕೆ ಎಲ್ಲಿಯದು? ದಾಸೋಹಂ ಎಂಬ ಭಾವವನ್ನು ಇದಕ್ಕಿಂತ ಚೆನ್ನಾಗಿ ನಡೆದು ತೋರಿದವರನ್ನು ನಾನರಿಯೆ.

ಈಗ ಕಾಲ ಬದಲಾಗಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು 6ರಿಂದ 18 ವರುಷದವರೆಗಿನ ಅಂತಹ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಶಾಲಾ ವಯಸ್ಸಿನ ಮಕ್ಕಳಲ್ಲಿ ಇಂತಹವರು ಯಾರಿದ್ದಾರೆಂದು ಐದು ವರುಷಗಳಿಗೊಮ್ಮೆ ಸಮೀಕ್ಷೆ ಮಾಡಬೇಕೆಂದೂ ವಿಧಿಸಿದೆ. ಕುಮಾರಸ್ವಾಮಿಗಳವರು ಸಂಚಾರ ಮಾಡಿ ನಡೆಸಿದುದೂ ಒಂದು ಸಮೀಕ್ಷೆಯೇ ಆಗಿತ್ತು. ಬ್ರೈಲ್ ಲಿಪಿಯ ಪುಸ್ತಕಗಳಿವೆ, ವಿಶೇಷ ತರಬೇತಿ ಪಡೆದ ಶಿಕ್ಷಕರಿದ್ದಾರೆ. ಆದರೂ ಅಂಧ ಮಗುವೆಂದರೆ ಸಂಗೀತವೇ ಗತಿಯೆಂದು ತಿಳಿಯುವ ಜನ ಇನ್ನೂ ಉಂಟು. ಇದು ಗವಾಯಿಗಳವರ ದಾರಿಯನ್ನು ಅರ್ಧ ಮಾತ್ರ ತಿಳಿದಂತೆ. ಅವರು ಮಗುವಿನಲ್ಲಿ ಇರುವುದನ್ನು ಹುಡುಕಿದರು. ಗಣಿತವಿರುವ ಮಗುವಿನಲ್ಲಿ ಗಣಿತವನ್ನು ಹುಡುಕಬೇಕಾದವರು ನಾವು. ಕಣ್ಣಿದ್ದೂ ಅಕ್ಷರ ಹತ್ತದ ಮಕ್ಕಳು, ಮನೆಯ ಕಷ್ಟದಿಂದ ತರಗತಿಯ ಹಿಂದಿನ ಸಾಲಿಗೆ ಸರಿದ ಮಕ್ಕಳು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಮಾಸ್ತರರು ಬಂದು ನಿಮ್ಮ ಮಗುವಿಗೆ ಹೆಚ್ಚಿನ ನೆರವು ಬೇಕೆಂದಾಗ ಅದನ್ನು ಮನೆತನಕ್ಕೆ ಬಂದ ಅಪಮಾನವೆಂದು ಎಣಿಸುವ ಗೃಹಸ್ಥರು ಗುರುಪಾದಯ್ಯ ನೀಲಮ್ಮನವರನ್ನು ಒಮ್ಮೆ ನೆನೆದುಕೊಳ್ಳಲಿ. ಅವರು ಒಲ್ಲೆವೆಂದಿದ್ದರೆ ಗದಗದಲ್ಲಿ ಆಶ್ರಮವಿರುತ್ತಿರಲಿಲ್ಲ.

1944ನೆಯ ಜೂನ್ 11ರಂದು, ತಮ್ಮ 52ನೆಯ ವಯಸ್ಸಿನಲ್ಲಿ, ಪಂಚಾಕ್ಷರ ಗವಾಯಿಗಳವರು ಲಿಂಗೈಕ್ಯರಾದರು. ಆಶ್ರಮದಲ್ಲಿ ಮಕ್ಕಳಿದ್ದರು, ನಾಳೆಯ ಅಡಿಗೆಗೆ ನಿಶ್ಚಿತವಾದ ವರಮಾನವೇನೂ ಇರಲಿಲ್ಲ. ಆ ಹೊಣೆಯನ್ನು 30 ವರುಷದ ಪುಟ್ಟರಾಜ ಗವಾಯಿಗಳು ಹೊತ್ತರು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿದರು, ನಾಟಕಗಳನ್ನು ಬರೆದರು, ನಾಟಕ ಸಂಘವನ್ನು ಕಟ್ಟಿ ಅದರ ಉತ್ಪನ್ನದಿಂದ ಆಶ್ರಮದ ಮಕ್ಕಳಿಗೆ ಉಣ್ಣಿಸಿದರು. 2010ನೆಯ ಸಪ್ಟೆಂಬರ 17ರಂದು ಲಿಂಗೈಕ್ಯರಾಗುವವರೆಗೆ, 66 ವರುಷಗಳ ಕಾಲ, ಗುರುವಿನ ಪಾಠಶಾಲೆ ನಿಲ್ಲದಂತೆ ನೋಡಿಕೊಂಡರು. ಬಳ್ಳಾರಿ ಸೀಮೆಯ ತೊಗಲುಗೊಂಬೆ ಕಲಾವಿದರಾದ ಬೆಳಗಲ್ಲು ವೀರಣ್ಣನವರು ತಮ್ಮ ಸೋದರಳಿಯನನ್ನು ಕರೆದುಕೊಂಡು ಬಂದುದು ಈ ಪುಟ್ಟರಾಜರ ಬಳಿಗೇ. ಆ ಹುಡುಗನು 12 ವರುಷಗಳಷ್ಟು ಕಾಲ ಆಶ್ರಮದ ಪ್ರಸಾದವನ್ನುಂಡು ಕಲಿತನು. ಇಂದು ನಾಡೆಲ್ಲ ಅವರನ್ನು ಪಂಡಿತ ವೆಂಕಟೇಶಕುಮಾರರೆಂದು ಬಲ್ಲದು.