ಸೊಳ್ಳೆಯನ್ನು ಗುರುತಿಸಿದ ವೈದ್ಯ: ಕಾರ್ಲೋಸ್ ಫಿನ್ಲೆ

ಎಂಟನೆಯ ತರಗತಿಯ ಅಭ್ಯಾಸ ಬೋಧನೆಯ ಪಾಠವೊಂದನ್ನು ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಿಸುತ್ತಿದ್ದೆ. ಡೆಂಗಿ ಜ್ವರ ಈಡಿಸ್ ಸೊಳ್ಳೆಯಿಂದ ಹರಡುತ್ತದೆ ಎಂದು ಪ್ರಶಿಕ್ಷಣಾರ್ಥಿಯು ಕಪ್ಪುಹಲಗೆಯ ಮೇಲೆ ಬರೆದ ಕೂಡಲೇ ಹುಡುಗಿಯೊಬ್ಬಳು ಎದ್ದು ನಿಂತು, ಸೊಳ್ಳೆಯೇ ಕಾರಣವೆಂದು ಹೇಗೆ ಗೊತ್ತಾಯಿತು ಎಂದು ಕೇಳಿದಳು. ಪಾಠ ಯೋಜನೆಯಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ, ಉತ್ತರವೂ ಸಿಗಲಿಲ್ಲ. ಆ ಈಡಿಸ್ ಈಜಿಪ್ಟಿ ಸೊಳ್ಳೆಯ ಮೇಲೆ ಮೊದಲು ಬೊಟ್ಟುಮಾಡಿದವರ ಕಥೆ ಇದು. ಅವರು ಹುಡುಕುತ್ತಿದ್ದುದು ಡೆಂಗಿಯ ಮೂಲವನ್ನಲ್ಲ, ಅದೇ ಸೊಳ್ಳೆ ಹರಡುವ ಹಳದಿ ಜ್ವರದ ಮೂಲವನ್ನು.

ಕಾರ್ಲೋಸ್ ಫಿನ್ಲೆ ಹುಟ್ಟಿದ್ದು 1833ರ ಡಿಸೆಂಬರ್ 3ರಂದು, ಆಗ ಸ್ಪೇನಿನ ಆಳ್ವಿಕೆಯಲ್ಲಿದ್ದ ಕ್ಯೂಬಾದಲ್ಲಿ. ತಂದೆ ಸ್ಕಾಟ್ಲೆಂಡ್ ಮೂಲದ ವೈದ್ಯರು, ತಾಯಿ ಫ್ರೆಂಚ್ ಮೂಲದವರು. ಓದಲೆಂದು ಫ್ರಾನ್ಸಿಗೆ ಹೋದ ಬಾಲಕನಿಗೆ ನರಸಂಬಂಧಿ ಕಾಯಿಲೆಯೊಂದು ತಗುಲಿತು. ಕಾಯಿಲೆ ಹೋದರೂ ಮಾತಿನಲ್ಲಿ ತೊದಲು ಉಳಿದುಬಿಟ್ಟಿತು. 1855ರಲ್ಲಿ ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು, ಹಾವಾನಾದಲ್ಲಿ ವೃತ್ತಿ ಆರಂಭಿಸಿದರು.

ಆ ನಗರಕ್ಕೆ ಹಳದಿ ಜ್ವರ ಹೊಸದಲ್ಲ. ಹೊರಗಿನಿಂದ ಬಂದ ಸೈನಿಕರು, ವಲಸೆಗಾರರು ಮೈ ಹಳದಿಗಟ್ಟಿ, ಕಪ್ಪಗೆ ವಾಂತಿ ಮಾಡಿ ಸಾಯುತ್ತಿದ್ದರು. ಕೆಟ್ಟ ಗಾಳಿ ಕಾರಣವೆಂದು ಕೆಲವರು, ರೋಗಿಯ ಬಟ್ಟೆ ಹಾಸಿಗೆ ಕಾರಣವೆಂದು ಕೆಲವರು ನಂಬಿದ್ದರು. ಫಿನ್ಲೆಯವರೂ ಗಾಳಿಯಲ್ಲಿನ ಕ್ಷಾರತೆಯೇ ಮೂಲವಿರಬೇಕೆಂದು ಅದನ್ನು ಅಳೆಯುವುದರಲ್ಲಿ ವರ್ಷಗಟ್ಟಲೆ ಕಳೆದರು. ಅದು ತಪ್ಪು ದಾರಿ. ವಿಜ್ಞಾನಿಗಳ ಜೀವನ ಹೇಳುವಾಗ ಇಂಥ ವರ್ಷಗಳನ್ನು ನಾವು ಸಾಮಾನ್ಯವಾಗಿ ಹಾರಿಸಿಬಿಡುತ್ತೇವೆ.

1879ರಲ್ಲಿ ಅಮೆರಿಕದ ಆಯೋಗವೊಂದು ಹಳದಿ ಜ್ವರದ ಅಧ್ಯಯನಕ್ಕೆ ಹಾವಾನಾಕ್ಕೆ ಬಂದಿತು. ಅದರೊಡನೆ ಕೆಲಸ ಮಾಡಿದ ಫಿನ್ಲೆಯವರ ಗಮನ ರೋಗಿಯ ರಕ್ತನಾಳಗಳ ಕಡೆ ಹರಿಯಿತು. ಹಾನಿ ಇರುವುದು ರಕ್ತನಾಳದಲ್ಲಾದರೆ, ರೋಗಕಾರಕವನ್ನು ಒಬ್ಬರ ನಾಳದಿಂದ ಎತ್ತಿ ಇನ್ನೊಬ್ಬರ ನಾಳಕ್ಕೆ ಚುಚ್ಚುವ ಯಾವುದೋ ಸೂಜಿ ಇರಬೇಕಲ್ಲವೇ? ಈ ತರ್ಕ ಅವರನ್ನು ಮನೆಯೊಳಗಿನ ಸೊಳ್ಳೆಗೆ ತಂದು ನಿಲ್ಲಿಸಿತು. ಅದನ್ನು ಸಾಕಿ ನೋಡಿದರು. ಕಚ್ಚುವುದು ಹೆಣ್ಣು ಮಾತ್ರ; ಮೊಟ್ಟೆ ಬಲಿಯಲು ಅದಕ್ಕೆ ರಕ್ತ ಬೇಕು; ಚಳಿಯಲ್ಲಿ ಅದು ಮಂಕಾಗುತ್ತದೆ. ರೋಗವೂ ಚಳಿಯ ಕಾಲದಲ್ಲಿ ತಗ್ಗುತ್ತಿತ್ತು. ಎರಡೂ ತಾಳೆಯಾದವು.

1881ರ ಆಗಸ್ಟ್ 14ರಂದು ಹಾವಾನಾದ ವಿಜ್ಞಾನ ಅಕಾಡೆಮಿಯ ಮುಂದೆ ತಮ್ಮ ಪ್ರಬಂಧ ಓದಿದರು. ಸಭೆ ಮೌನವಾಗಿತ್ತು. ಮುಂದಿನ ಸುಮಾರು ಇಪ್ಪತ್ತು ವರ್ಷ ಅವರ ಮಾತನ್ನು ನಂಬಿದವರು ಬೆರಳೆಣಿಕೆಯಷ್ಟು ಮಂದಿ. ಗೇಲಿ ಮಾಡಿದವರೇ ಹೆಚ್ಚು.

ಗೇಲಿ ಮಾಡಿದವರನ್ನು ದೂರುವುದು ಸುಲಭ. ಆದರೆ ಫಿನ್ಲೆಯವರ ಬಳಿ ಪುರಾವೆಯೂ ಗಟ್ಟಿಯಾಗಿರಲಿಲ್ಲ. ರೋಗಿಯನ್ನು ಕಚ್ಚಿದ ಸೊಳ್ಳೆಯಿಂದ ಸುಮಾರು ನೂರು ಮಂದಿ ಸ್ವಯಂಸೇವಕರನ್ನು ಕಚ್ಚಿಸಿದರು. ಸ್ಪಷ್ಟವಾದ ಹಳದಿ ಜ್ವರ ಬರಲಿಲ್ಲ. ಯಾರಿಗಾದರೂ ಜ್ವರ ಬಂದರೂ, ರೋಗವಿರುವ ಊರಿನಲ್ಲೇ ವಾಸಿಸುವವರಿಗೆ ಅದು ಬೇರೆ ಕಡೆಯಿಂದ ಬಂದಿರಬಹುದಲ್ಲ ಎಂಬ ಆಕ್ಷೇಪಣೆಗೆ ಉತ್ತರವಿರಲಿಲ್ಲ. ಅವರು ಎಡವಿದ್ದು ದಿನಗಳ ಲೆಕ್ಕದಲ್ಲಿ. ಜ್ವರ ಬಂದ ಮೊದಲ ಮೂರು ದಿನಗಳಲ್ಲಿ ಕಚ್ಚಿದರೆ ಮಾತ್ರ ಸೊಳ್ಳೆಗೆ ರೋಗಕಾರಕ ಅಂಟುತ್ತದೆ. ಅಂಟಿದ ಮೇಲೂ ಅದು ಸೊಳ್ಳೆಯ ಹೊಟ್ಟೆಯಿಂದ ಜೊಲ್ಲಿನ ಗ್ರಂಥಿಗೆ ತಲುಪಲು ಸುಮಾರು 12 ದಿನ ಬೇಕು. ಫಿನ್ಲೆಯವರು ಕೆಲವೇ ದಿನ ಕಾಯುತ್ತಿದ್ದರು.

1898ರಲ್ಲಿ ಹೆನ್ರಿ ಕಾರ್ಟರ್ ಎಂಬ ಅಮೆರಿಕದ ವೈದ್ಯರು ಮಿಸಿಸಿಪ್ಪಿಯ ಹಳ್ಳಿಗಳಲ್ಲಿ ಒಂದು ಸಂಗತಿ ಗಮನಿಸಿದರು: ಮನೆಗೆ ಮೊದಲ ರೋಗಿ ಬಂದ ಮೇಲೆ ಎರಡನೆಯವರು ಮಲಗಲು ಎರಡು ವಾರವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತಿತ್ತು. 1900ರಲ್ಲಿ ವಾಲ್ಟರ್ ರೀಡ್ ನೇತೃತ್ವದ ಅಮೆರಿಕ ಸೇನೆಯ ವೈದ್ಯರ ತಂಡ ಹಾವಾನಾಕ್ಕೆ ಬಂದಾಗ, 66 ವರ್ಷದ ಫಿನ್ಲೆಯವರು ತಾವು ಕಾಪಾಡಿಕೊಂಡಿದ್ದ ಸೊಳ್ಳೆಯ ಮೊಟ್ಟೆಗಳನ್ನು ಅವರ ಕೈಗಿತ್ತರು. ತಂಡದ ಜೇಮ್ಸ್ ಕ್ಯಾರಲ್, ರೋಗಿಯನ್ನು ಕಚ್ಚಿ 12 ದಿನವಾಗಿದ್ದ ಸೊಳ್ಳೆಗೆ ತೋಳೊಡ್ಡಿ, ಜ್ವರದಿಂದ ಸಾವಿನಂಚಿಗೆ ಹೋಗಿ ಬದುಕಿದರು. ಜೆಸ್ಸಿ ಲೇಜಿಯರ್ ಬದುಕಲಿಲ್ಲ. ಅದೇ ಸೆಪ್ಟೆಂಬರ್ 25ರಂದು ತೀರಿಕೊಂಡಾಗ ಅವರಿಗೆ 34 ವರ್ಷ.

ಆಮೇಲೆ ಊರ ಹೊರಗೆ ಎರಡು ಗುಡಿಸಲು ಕಟ್ಟಿದರು. ಒಂದರಲ್ಲಿ ಸೊಳ್ಳೆ ಇಲ್ಲ, ರೋಗಿಗಳ ಕೊಳಕು ಹಾಸಿಗೆ ಬಟ್ಟೆ ಮಾತ್ರ; ಅದರಲ್ಲಿ ಮೂವರು ಇಪ್ಪತ್ತು ರಾತ್ರಿ ಮಲಗಿದರೂ ಯಾರಿಗೂ ಜ್ವರವಿಲ್ಲ. ಇನ್ನೊಂದು ಸ್ವಚ್ಛ, ನಡುವೆ ತಂತಿಯ ಪರದೆ. ಸೊಳ್ಳೆಗಳಿದ್ದ ಬದಿಯವನು ಮಲಗಿದ, ಈ ಬದಿಯವರು ಆರಾಮವಾಗಿದ್ದರು. ಭಾಗವಹಿಸುವವರಿಂದ ಮುಂಚೆಯೇ ಲಿಖಿತ ಒಪ್ಪಿಗೆ ಪಡೆಯಲಾಗಿತ್ತು. ನಿಯಂತ್ರಿತ ಪ್ರಯೋಗವೆಂದರೇನು ಎಂದು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಹಲಗೆಯ ಮೇಲೆ ಎರಡು ಚೌಕ ಬರೆದರೆ ಸಾಕು.

1901ರ ಆರಂಭದಲ್ಲಿ ವಿಲಿಯಂ ಗೋರ್ಗಸ್ ಹಾವಾನಾದಲ್ಲಿ ಸೊಳ್ಳೆಯ ಹುಟ್ಟಿಗೇ ಕೈಹಾಕಿದರು. ನೀರಿನ ತೊಟ್ಟಿ, ಪೀಪಾಯಿಗಳಿಗೆ ಮುಚ್ಚಳ, ನಿಂತ ನೀರಿಗೆ ಸೀಮೆಎಣ್ಣೆ, ರೋಗಿಯ ಕೋಣೆಗೆ ಜಾಲರಿ. ಸೆಪ್ಟೆಂಬರ್ ಹೊತ್ತಿಗೆ ನಗರದಲ್ಲಿ ಹಳದಿ ಜ್ವರ ನಿಂತಿತ್ತು. ಇಂದು ನಮ್ಮ ಊರುಗಳಲ್ಲಿ ಆಶಾ ಕಾರ್ಯಕರ್ತೆಯರು ಬ್ಯಾಟರಿ ಹಿಡಿದು ಡ್ರಮ್ಮು, ಹೂಕುಂಡ, ಹಳೆಯ ಟೈರುಗಳಲ್ಲಿ ಲಾರ್ವಾ ಹುಡುಕುವುದು ಅದೇ ಕೆಲಸದ ಮುಂದುವರಿಕೆ. ಈ ಸೊಳ್ಳೆಯ ಮೊಟ್ಟೆ ನೀರಾರಿದ ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಬಲ್ಲದು. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ತೊಟ್ಟಿಯನ್ನು ಉಜ್ಜಿ ತೊಳೆಯಬೇಕು.

ಫಿನ್ಲೆಯವರು 1902ರಿಂದ 1909ರವರೆಗೆ ಸ್ವತಂತ್ರ ಕ್ಯೂಬಾದ ಆರೋಗ್ಯ ಇಲಾಖೆಯ ಮುಖ್ಯಸ್ಥರಾಗಿದ್ದರು. ನೊಬೆಲ್ ಬಹುಮಾನಕ್ಕೆ ಹಲವು ಬಾರಿ ಹೆಸರು ಹೋಯಿತು, ಬಹುಮಾನ ಬರಲಿಲ್ಲ. 1915ರ ಆಗಸ್ಟ್ 20ರಂದು ಅವರು ತೀರಿಕೊಂಡಾಗ ಹಾವಾನಾದ ಆಸ್ಪತ್ರೆಗಳಲ್ಲಿ ಹಳದಿ ಜ್ವರದ ರೋಗಿಗಳಿರಲಿಲ್ಲ.